ಬೆಳ್ಳಿ ತಟ್ಟೆಯಲ್ಲಿ ಒಲೆಮಣ್ಣು

ಶರಣರೆ, ತಾಯಂದಿರೆ, ಕಂಬಕ್ಕೆ ಒರಗಿ ಆಗಲೇ ತೂಕಡಿಸುತ್ತಿರುವ ಹಿರಿಯರೆ, ಸ್ವಲ್ಪ ನೆಟ್ಟಗೆ ಕೂಡಿ. ದಾಸೋಹದ ಮಾತು ನಡೆದಿತ್ತು. ಊರಿಗೆಲ್ಲ ಉಣಿಸುವವನ ಮನೆಯಲ್ಲೇ ಒಂದು ಜೀವ ಸೊರಗುತ್ತಿದ್ದರೆ? ಹಾಗೂ ಇರುತ್ತದೆಯೇ ಅಂತೀರಾ? ಕೇಳಿ.

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಯಾವ ಊರು ಅಂತ ಮಾತ್ರ ಕೇಳಬೇಡಿ. ಹೇಳಿಬಿಟ್ಟರೆ ಮುಂದಿನ ತಿಂಗಳಿಂದ ಮಠಕ್ಕೆ ಜೋಳ ಬರುವುದು ನಿಂತೀತು. ಅವನಿಗೆ ಒಂದು ಮಾತು ಬಾಯಿಪಾಠವಾಗಿತ್ತು: “ನಮ್ಮನ್ಯಾಗ ಏನ್ ಕಮ್ಮಿ ಐತಿ?” ಚಹಾಕ್ಕೆ ಬಂದವರಿಗೂ ಅದೇ, ಹೆಣ್ಣು ಕೊಡಲು ಬಂದ ಬೀಗರಿಗೂ ಅದೇ. ದೇವರ ಮುಂದೆ ಕೈಮುಗಿದು ನಿಂತಾಗಲೂ ಅವನು ಬೇಡುತ್ತಿರಲಿಲ್ಲ, ನೋಡಿ. ತನಗೆ ಏನೂ ಕಮ್ಮಿ ಇಲ್ಲವೆಂದು ದೇವರಿಗೆ ತಿಳಿಸಿ ಬರುತ್ತಿದ್ದ.

ಅವನ ಸೊಸೆ ಬಸುರಿಯಾದಳು. ಆರೋಗ್ಯ ಕೇಂದ್ರದ ಸಿಸ್ಟರು ಬಂದು ರಕ್ತ ಪರೀಕ್ಷೆ ಮಾಡಿಸಿ, ಮರುವಾರ ಗುಳಿಗೆ ಹಿಡಿದುಕೊಂಡು ಪಡಸಾಲೆಗೇ ಬಂದಳು.

“ಸಾವ್ಕಾರ್ರ, ನಿಮ್ಮ ಸೊಸಿಗೆ ರಕ್ತ ಭಾಳ ಕಮ್ಮಿ ಐತ್ರಿ. ಈ ಕಬ್ಬಿಣದ ಗುಳಿಗಿ ದಿನಾ ತಗೋಬೇಕ್ರಿ.”

ಕಮ್ಮಿ! ಆ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದ ಪದ ಅದು. ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದರು ಬೇರೆ. ಸಾಹುಕಾರನಿಗೆ ಮುಖದ ಮೇಲೆ ಹೊಡೆದಂತಾಯಿತು.

“ರಕ್ತ ಕಮ್ಮಿ? ನಮ್ಮನಿ ಸೊಸಿಗೆ? ಮನ್ಯಾಗ ಎಮ್ಮಿ ಅದಾವ, ತುಪ್ಪ ಐತಿ. ಸರ್ಕಾರದ ಪುಕ್ಕಟೆ ಗುಳಿಗಿ ನುಂಗಾಕ ನಾವೇನ್ ಗತಿಗೆಟ್ಟವರಾ? ಇಲ್ಲದವರಿಗೆ ಕೊಡ್ರಿ ತಾಯಿ, ಪುಣ್ಯ ಬರ್ತೈತಿ.”

ಸಿಸ್ಟರು ಗುಳಿಗೆಯ ಹಾಳೆಗಳನ್ನು ಕಟ್ಟೆಯ ಮೇಲಿಟ್ಟು ಹೋದಳು. ಅಷ್ಟರಲ್ಲಿ ಒಳಗಿನಿಂದ ಸಾಹುಕಾರತಿ ಬಂದಳು.

“ಅದನ್ನ ಒಳಗ ತರಬ್ಯಾಡ್ರೀ! ಅದನ್ನ ತಿಂದ್ರ ಕೂಸು ಕರ್ರಗ ಹುಟ್ಟತೈತಂತ.”

ಸಾಹುಕಾರ ಹಾಳೆಗಳನ್ನು ದೂರ ತಳ್ಳಿದ. ಸ್ವತಃ ಅವನು ರೊಟ್ಟಿ ಹಂಚಿನ ಬಣ್ಣದವನು. ಆ ಬಣ್ಣದಲ್ಲೇ ಹೊಲ ಮಾಡಿದ, ಮನೆ ಕಟ್ಟಿದ, ಪಂಚಾಯ್ತಿಯಲ್ಲಿ ಗೆದ್ದ. ಆದರೆ ಮೊಮ್ಮಗ ಮಾತ್ರ ಬೆಣ್ಣೆಯ ಹಾಗಿರಬೇಕು! ಗುಳಿಗೆಗಳು ಹಿತ್ತಲಿನ ಗುಲಾಬಿ ಗಿಡದ ಬುಡಕ್ಕೆ ಹೋದವು. ಸೊಸೆಗೆ ಕೇಸರಿ ಹಾಲು ಬಂತು. ಗಿಡಕ್ಕೆ ರಕ್ತ ಏರಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಆಮೇಲೆ ಬಯಕೆ ಕೇಳುವ ದಿನ ಬಂತು. ನೆರೆಮನೆಯ ಹೆಂಗಸರೆಲ್ಲ ಸೇರಿ, “ಏನ್ ತಿನ್ನಬೇಕು ಅನಸ್ತೈತಿ? ನಾಚಬ್ಯಾಡ, ಹೇಳವ್ವ” ಎಂದರು. ಸೊಸೆ ಸೆರಗಿನ ತುದಿ ಹಿಡಿದು ಮೆಲ್ಲಗೆ ಅಂದಳು: “ಒಲಿ ಮಣ್ಣು.”

ಇನ್ನೊಬ್ಬನಾಗಿದ್ದರೆ ಗಾಬರಿಯಾಗುತ್ತಿದ್ದ. ಬಾಗಿಲ ಬಳಿಯೇ ಕೂತಿದ್ದ ಸಾಹುಕಾರ ಎದ್ದು ಕುಣಿಯುವುದೊಂದು ಬಾಕಿ!

“ಕೇಳಿದ್ರ್ಯಾ? ಮಂದಿ ಸೊಸ್ಯಾರು ಮಾವಿನಕಾಯಿ ಕೇಳ್ತಾರ, ಹುಣಸಿಕಾಯಿ ಕೇಳ್ತಾರ. ನಮ್ಮಾಕಿ ಭೂಮಿನ ಕೇಳ್ಯಾಳ! ಹೊಟ್ಟ್ಯಾಗ ಭೂಮಿ ಆಳೋ ಕೂಸು ಐತಿ!”

ಹಳೆಯ ಕಥೆಗಳಲ್ಲಿ ರಾಣಿಯರು ಮಣ್ಣು ಬಯಸುತ್ತಾರಲ್ಲ, ಅದು ಅವನ ಕಿವಿಗೆ ಯಾವಾಗಲೋ ಬಿದ್ದಿತ್ತು. ಪುರಾಣ ಕೇಳುವಾಗ ಅರ್ಧ ನಿದ್ದೆ ಮಾಡಿದರೆ ಹೀಗೇ ಆಗುವುದು, ಕಂಬದ ಹಿರಿಯರೆ.

ಮನೆಯ ಮಸಿ ಒಲೆಯ ಮಣ್ಣು ಸಾಲದೆಂದು ಕುಂಬಾರನಿಗೆ ಹೇಳಿಕಳಿಸಿದ. ಕೆರೆಯ ಮಣ್ಣು ತರಿಸಿ, ಸೋಸಿ, ಬಿಲ್ಲೆ ತಟ್ಟಿಸಿ, ಹದವಾಗಿ ಸುಡಿಸಿದ. ಬೆಳ್ಳಿ ತಟ್ಟೆಯಲ್ಲಿಟ್ಟು, ಮೇಲೆ ಜರಿಯ ವಸ್ತ್ರ ಮುಚ್ಚಿ, ದಿನಾ ಮುಂಜಾನೆ ಸೊಸೆಯ ಮುಂದೆ ತಾನೇ ಇಡುತ್ತಿದ್ದ. ಮಗ ಒಮ್ಮೆ, “ಅಪ್ಪಾ, ದವಾಖಾನಿಗೆ ತೋರಸೋಣೇನು?” ಅಂದದ್ದಕ್ಕೆ, “ಬಯಕಿ ತೀರಸೂದು ಬಿಟ್ಟು ದವಾಖಾನಿ ಅಂತಿ, ನಿನಗ ಬುದ್ಧಿ ಐತೇನ?” ಎಂದು ಗದರಿದ. ಊರ ಜನ ಆ ತಟ್ಟೆ ನೋಡಲು ಬಂದರು. ಮಾವ ಅಂದರೆ ಹೀಗಿರಬೇಕು ಅಂದರು. ಸಾಹುಕಾರ ಮೀಸೆ ತೀಡಿದ.

ತುಪ್ಪ ಇದೆ, ಎಮ್ಮೆ ಇದೆ ಅಂದನಲ್ಲ, ಸೊಸೆ ಏನು ಉಣ್ಣುತ್ತಿದ್ದಳು? ಮೊದಲು ಸಾಹುಕಾರ ಉಣ್ಣಬೇಕು, ಆಮೇಲೆ ಮಗ, ಆಮೇಲೆ ಬಂದು ಹೋದವರು, ಆಮೇಲೆ ಅತ್ತೆ. ಸೊಸೆ ಕೂಡುವ ಹೊತ್ತಿಗೆ ಮೆಂತ್ಯದ ಪಲ್ಯದ ಬೋಗುಣಿಯಲ್ಲಿ ಸೌಟಿನ ಗೆರೆ ಉಳಿದಿರುತ್ತಿತ್ತು. ತಣ್ಣನೆಯ ರೊಟ್ಟಿ, ತಿಳಿ ಸಾರು. ಆ ಮನೆಯಲ್ಲಿ ಅವಳಿಗೆಂದೇ ಎತ್ತಿಡುತ್ತಿದ್ದದ್ದು ಮಣ್ಣು ಒಂದನ್ನೇ.

ಸೊಸೆ ದಿನದಿಂದ ದಿನಕ್ಕೆ ಬಿಳಿಚಿಕೊಂಡಳು. ಅತ್ತೆಗೆ ಹಿಗ್ಗೋ ಹಿಗ್ಗು! “ಕೇಸರಿ ಹಾಲಿನ ಗುಣ ನೋಡ್ರಿ! ತಾಯಿನ ಇಷ್ಟು ಬೆಳ್ಳಗಾದ್ರ ಕೂಸು ಹೆಂಗಿರಬ್ಯಾಡ?” ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು, ಬಗ್ಗಿದರೆ ಕಣ್ಣಿಗೆ ಕತ್ತಲೆ. ಬಸುರಿ ಅಂದ ಮೇಲೆ ದಣಿವು ಇದ್ದದ್ದೇ ಎಂದರು. ಅಲ್ಲ ತಾಯಂದಿರೆ, ಹೀಗೆ ಹೇಳುವವರು ಯಾರಾದರೂ ಇಲ್ಲಿದ್ದೀರಾ? ಯಾರೂ ಕೈ ಎತ್ತುವುದಿಲ್ಲ, ನನಗೆ ಗೊತ್ತು.

ಕುಬಸದ ದಿನ, ಅದೇ ಸೀಮಂತದ ದಿನ, ಬಂತು. ಊರಿಗೆಲ್ಲ ಊಟ. ಸೊಸೆಗೆ ಹಸಿರು ಸೀರೆ, ಮೈತುಂಬ ಬಂಗಾರ, ತಲೆಗೆ ಹೂವಿನ ದಂಡೆ. ಆರತಿಯಾದ ಮೇಲೆ ಹಿರಿಯರಿಗೆಲ್ಲ ನಮಸ್ಕಾರ ಮಾಡಬೇಕಲ್ಲ? ಒಬ್ಬೊಬ್ಬರಿಗೂ ಬಗ್ಗಿದಳು, ಎದ್ದಳು. ಕೊನೆಗೆ ಮಾವನ ಕಾಲಿಗೆ ಬಗ್ಗಿದಳು. ಸಾಹುಕಾರ ತಲೆಯ ಮೇಲೆ ಕೈಯಿಟ್ಟು, “ಏನೂ ಕಮ್ಮಿ ಆಗದಂಗ ಬಾಳವ್ವಾ” ಎಂದ. ಅವಳು ಏಳಲಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೊಸೆಯ ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ಸಾಹುಕಾರನನ್ನು ಹತ್ತಿರ ಕರೆದಳು.

“ಇಲ್ಲಿ ನೋಡ್ರಿ. ಇದು ಕೆಂಪಗಿರಬೇಕು. ಸುಣ್ಣಾ ಬಳದ ಗ್ವಾಡಿ ಆಗೇತಿ. ಏನ್ ತಿಂತಿದ್ಲು ಈಕಿ?”

“ಬೆಳ್ಳಿ ತಟ್ಟ್ಯಾಗ… ಒಲಿ ಮಣ್ಣು ಕೊಡ್ತಿದ್ದಿವ್ರಿ. ಬಯಕಿರಿ ಆಕೀದು.”

ಡಾಕ್ಟರಮ್ಮ ರೆಪ್ಪೆಯಿಂದ ಕೈ ತೆಗೆದಳು. “ಮೈಯಾಗ ಕಬ್ಬಿಣದ ಅಂಶ ಕಮ್ಮಿ ಆದಾಗ ಎಷ್ಟೋ ಹೆಣ್ಮಕ್ಕಳಿಗೆ ಹಿಂಗ ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನಸ್ತೈತಿ. ಅದು ಬಯಕಿ ಅಲ್ರೀ ಯಜಮಾನ್ರ, ರೋಗ ಕೂಗಿ ಹೇಳೂದು. ಗುಳಿಗಿ ಕೊಟ್ಟಿರಬೇಕಲ್ಲ, ಎಲ್ಲಿ ಅದಾವು?”

ಗುಲಾಬಿ ಗಿಡ ಅಂತ ಹೇಳಲು ಬಾಯಿ ಬರಬೇಕಲ್ಲ? ಈಗ ಗುಳಿಗೆಯ ಹೊತ್ತು ಮೀರಿತ್ತು. ರಕ್ತವನ್ನೇ ಏರಿಸಬೇಕು, ಇಲ್ಲದಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ ಎಂದಳು ಡಾಕ್ಟರಮ್ಮ.

“ಎಷ್ಟರೆ ಖರ್ಚಾಗ್ಲಿ!” ಎಂದ ಸಾಹುಕಾರ.

“ರಕ್ತ ಅಂಗಡ್ಯಾಗ ಮಾರೂದಿಲ್ರಿ. ಯಾರೋ ಪುಣ್ಯಾತ್ಮರು ಪುಕ್ಕಟೆ ಕೊಟ್ಟಿರ್ತಾರ.”

ಬೀಗರೆಲ್ಲ ಕಾರಿನಲ್ಲಿ ಹಿಂದೆಯೇ ಬಂದಿದ್ದರು. ಅವರಲ್ಲಿ ಒಬ್ಬ ಮೆಲ್ಲಗೆ ಕೇಳಿದ: “ಯಾರ ರಕ್ತಾರೀ ಅದು? ಯಾವ ಮಂದೀದು?” ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಸಾಹುಕಾರ ಅವನ ಮೇಲೆ ಹರಿಹಾಯ್ದ: “ಸುಮ್ನಿರೋ! ಮನಷ್ಯಾರದ್ದು!”

ಪುಕ್ಕಟೆ ಗುಳಿಗೆ ಬೇಡವೆಂದ ಮನುಷ್ಯ ಪುಕ್ಕಟೆ ರಕ್ತಕ್ಕೆ ಕೈಯೊಡ್ಡಿ ನಿಂತಿದ್ದ. ರೇಷ್ಮೆ ರುಮಾಲು ಸುತ್ತಿಕೊಂಡೇ ನಿಂತಿದ್ದ. ಬಾಟಲಿಯಿಂದ ಹನಿ ಹನಿಯಾಗಿ ರಕ್ತ ಸೊಸೆಯ ಕೈಗೆ ಇಳಿಯುವುದನ್ನು ನೋಡುತ್ತ ಅವನು ಕೈಮುಗಿದ. ಆ ಹುಡುಗಿ ಬದುಕಿದರೆ ಸಾಕು, ಭೂಮಿ ಆಳುವುದೂ ಬೇಡ, ಬೆಣ್ಣೆಯ ಬಣ್ಣವೂ ಬೇಡ ಎಂದು ಬೇಡಿಕೊಂಡ. ಅವನು ದೇವರನ್ನು ಬೇಡಿದ್ದು ಅದೇ ಮೊದಲು.

ಬದುಕಿದಳು. ಮನೆಗೆ ಬಂದ ಮೇಲೆ ಬೆಳ್ಳಿ ತಟ್ಟೆ ಮತ್ತೆ ಹೊರಗೆ ಬಂತು. ಈಗ ಅದರಲ್ಲಿ ಒಂದು ಗುಳಿಗೆ, ಪಕ್ಕದಲ್ಲಿ ಲಿಂಬೆ ಹಣ್ಣಿನ ಪಾನಕ. ಸಾಹುಕಾರನೇ ತಂದು, ಅವಳು ನುಂಗುವವರೆಗೂ ಎದುರಿಗೆ ಕಾವಲುಗಾರನ ಹಾಗೆ ನಿಲ್ಲುತ್ತಿದ್ದ. ಒಂದು ದಿನ ಸೊಸೆ ನಕ್ಕು ಅಂದಳು: “ಮಾವಾರ, ಈಗ ಮಣ್ಣು ಕಂಡ್ರ ಓಕರಿಕಿ ಬರ್ತೈತ್ರಿ.” ಆ ದೊಡ್ಡ ಮೀಸೆಯ ಮನುಷ್ಯ ಹಿತ್ತಲಿಗೆ ಹೋಗಿ ಅತ್ತ.

ಕೂಸು ಹುಟ್ಟಿತು. ಹೆಣ್ಣು ಕೂಸು. ಅಚ್ಚು ಅಜ್ಜನ ಬಣ್ಣ! ಸಾಹುಕಾರತಿ, “ನಾ ಹೇಳಲಿಲ್ಲೇನ್ರೀ, ಗುಳಿಗಿ ಕೆಲಸ ಇದು” ಎಂದಳು. ಸಾಹುಕಾರ ಕೂಸನ್ನು ತನ್ನ ಕೆನ್ನೆಯ ಪಕ್ಕಕ್ಕೆ ಹಿಡಿದು, “ಗುಳಿಗಿಗೆ ಯಾಕ ಹೆಸರಿಡತಿ? ಇಲ್ಲಿ ನೋಡು” ಎಂದ.

ನಗುತ್ತೀರಿ. ನಗಿ, ನಗಿ. ನಿಮ್ಮ ಮನೆಯ ಗುಲಾಬಿ ಗಿಡದ ಬುಡ ಕೆದರಿದರೆ ಏನು ಸಿಗುತ್ತದೆ? ಡಬ್ಬಿಯ ಹಿಂದೆ, ದೇವರ ಪಟದ ಹಿಂದೆ, ತಲೆದಿಂಬಿನ ಕೆಳಗೆ ಏನು ಸಿಗುತ್ತದೆ? ಹೊಟ್ಟೆ ತೊಳಸುತ್ತದೆ ಅಂತ ಬಿಟ್ಟವಳು ನೀನು. ತಾಯೀ, ಬಿಸಾಡಬೇಡ, ಸಿಸ್ಟರಿಗೆ ಹೇಳು, ಹೊತ್ತು ಬದಲಿಸಿ ಕೊಡುತ್ತಾಳೆ. ಮಲ ಕಪ್ಪಾಯಿತು ಅಂತ ಹೆದರಿದವಳು ನೀನು. ಗುಳಿಗೆ ತಿಂದರೆ ಅದು ಕಪ್ಪಾಗುವುದೇ, ಕೂಸು ಕಪ್ಪಾಗುವುದಿಲ್ಲ. ಚಹಾದ ಜೊತೆ, ಹಾಲಿನ ಜೊತೆ ನುಂಗಿ ತಿಂದೆ ತಿಂದೆ ಅನ್ನಬೇಡಿ, ಅದು ಮೈಗೆ ಹತ್ತುವುದಿಲ್ಲ. ಹೆರಿಗೆಯಾಯಿತು ಅಂತ ಅವತ್ತೇ ನಿಲ್ಲಿಸಲೂ ಬೇಡಿ.

ಗಂಡಸರೆ, ನಿಮ್ಮನ್ನು ಬಿಡುತ್ತೇನೆ ಅಂದುಕೊಂಡಿರಾ? ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ನಾಳೆಯಿಂದ ಗುಳಿಗೆ ನಿಮ್ಮ ಕೈಯಿಂದ ಹೋಗಬೇಕು, ಪಲ್ಯದ ಮೊದಲ ಸೌಟು ಅವಳ ತಾಟಿಗೆ ಬೀಳಬೇಕು. ಅವಳು ಉಂಡ ಮೇಲೆ ನಿಮ್ಮ ಊಟ.

ನಾಳೆ ಅಂದರೆ ಮರೆಯುತ್ತೀರಿ. ಇವತ್ತೇ ಶುರುವಾಗಲಿ. ಇನ್ನೇನು ಪ್ರಸಾದದ ಗಂಟೆ ಬಾರಿಸುತ್ತದೆ. ಮೊದಲ ಪಂಕ್ತಿಗೆ ಓಡುವ ಯಜಮಾನರೆಲ್ಲ ಅಲ್ಲೇ ನಿಲ್ಲಿ. ಆ ಪಂಕ್ತಿಯಲ್ಲಿ ಇವತ್ತು ಬಸುರಿಯರು ಕೂಡುತ್ತಾರೆ, ಬಾಣಂತಿಯರು ಕೂಡುತ್ತಾರೆ. ರುಮಾಲು ಸೊಂಟಕ್ಕೆ ಬಿಗಿಯಿರಿ, ಪಲ್ಯದ ಬಕೆಟ್ ಎತ್ತಿಕೊಳ್ಳಿ. ಬಡಿಸುವಾಗ ಕೈ ಬಿಗಿ ಹಿಡಿಯಬೇಡಿ. ಏನೂ ಕಮ್ಮಿ ಇಲ್ಲ ಅಂತೀರಲ್ಲ, ಇವತ್ತು ಅದನ್ನು ಬಡಿಸಿ ತೋರಿಸಿ.