ಕಾಶಪ್ಪನಿಗೆ ಬಿಟ್ಟ ಜಾಗ

ಇದು ನನ್ನ ಚಿಗವ್ವನ ಮಗ ಅನಿಲಕುಮಾರನಿಗೆ ಆದದ್ದು. ನಾರಾಯಣಖೇಡದಲ್ಲಿ, ಹೋದ ವರ್ಷ, ತೊಗರಿ ರಾಶಿ ಮುಗಿದ ಮೇಲೆ. ಆತ ಕರೆಂಟಿನ ಕೆಲಸದವ. ಕುಡಿಯುವವನಲ್ಲ. ಅದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಸುದ್ದಿ ಕೇಳಿದವರೆಲ್ಲ ಮೊದಲು ಅದನ್ನೇ ಕೇಳ್ತಾರೆ.

ಆ ರಾತ್ರಿ ಅನಿಲ ಊರ ಹೊರಗಿನ ಹಳೇ ದಾಲ್ ಮಿಲ್ಲಿಗೆ ಕೀಲಿ ಹಾಕಿ ಮನೆಗೆ ಹೊರಟಿದ್ದ. ಮಿಲ್ಲಿನ ಹಿಂದೆ ಒಂದು ಆಲದ ಮರ. ಮರದ ಬುಡದಲ್ಲಿ ಬಾವಿ. ಕಟ್ಟೆ ಇಲ್ಲದ ಬಾವಿ... ಕತ್ತಲಲ್ಲಿ ನೆಲ ಎಲ್ಲಿ ಮುಗೀತು, ಬಾವಿ ಎಲ್ಲಿ ಶುರುವಾತು, ತಿಳಿಯೋದಿಲ್ಲ. ಕುರಿ ಕಾಯುವ ಕಾಶಪ್ಪ ಅದೇ ಬಾವಿಯಲ್ಲಿ ಬಿದ್ದು ಸತ್ತಿದ್ದ. ಒಂದು ಮರಿ ಜಾರಿತ್ತು, ಹಿಡಿಯಲು ಹೋದ. ಮರಿ ಬದುಕಿತು.

ಮರ ದಾಟಬೇಕು ಅನ್ನುವಾಗ ಅನಿಲ ನಿಂತ.

ಟಪ... ಟಪ ಟಪ... ಟಪ.

ನಡುನಡುವೆ ಒಣ ತೊಗರಿ ಕೂಳೆ ಮುರಿಯುವ ಸದ್ದು. ಚಟ್. ಚಟ್. ಬಹಳ ಕಾಲುಗಳು. ಸಣ್ಣ ಸಣ್ಣ ಕಾಲುಗಳು. ಹೊಲ ದಾಟಿ ಈ ಕಡೆಗೇ ಬರುತ್ತಿದ್ದವು. ಆದರೆ ಒಂದರ ಬಾಯಿಂದಲೂ ದನಿ ಇಲ್ಲ. ಕುರಿ ಹಿಂಡು ನಡೆದರೆ ಬ್ಯಾ ಅನ್ನದೆ ಇರ್ತಾವೇನ್ರಿ?

ಅವನನ್ನು ಅಲ್ಲೇ ನಿಲ್ಲಿಸಿ, ಆ ಮಿಲ್ಲಿನೊಳಗೆ ಏನಿತ್ತು ಅಂತ ಹೇಳಬೇಕು. ಇಲ್ಲದಿದ್ದರೆ ತಿಳಿಯೋದಿಲ್ಲ.

ಅಲ್ಲಿ ಕುರಿಗಾರರ ಮ್ಯೂಸಿಯಂ ಕಟ್ಟುತ್ತಿದ್ದರು. ಕಟ್ಟಿಸುವಾಕೆ ಸ್ವಾತಿ ಮೇಡಂ. ತಾಂಡೂರಿನವರು, ಹೈದರಾಬಾದಿನಲ್ಲಿ ಮನಸ್ಸಿನ ಶಾಸ್ತ್ರ ಓದಿದವರು. ಹುಚ್ಚು ಬಿಡಿಸುವ ಡಾಕ್ಟರ್ ಅಲ್ಲ. ಮಂದಿ ಒಂದು ಜಾಗಕ್ಕೆ ಬಂದರೆ ಎಲ್ಲಿ ನಿಲ್ಲುತ್ತಾರೆ, ಯಾತಕ್ಕೆ ಬೆಚ್ಚುತ್ತಾರೆ, ಯಾವಾಗ ಸುಮ್ಮನಾಗುತ್ತಾರೆ... ಅದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಆ ಜಾಗ ಕಟ್ಟೋದು ಅವರ ಕೆಲಸ. ಒಂದು ಕಡೆ ಭೂತಬಂಗ್ಲೆ ಮಾಡಿದ್ದರಂತೆ. ಅದರೊಳಗೆ ಒಂದೂ ಭೂತ ಇರಲಿಲ್ಲವಂತೆ. ಆದರೂ ದೊಡ್ಡ ದೊಡ್ಡ ಗಂಡಸರು ಚಪ್ಪಲಿ ಬಿಟ್ಟು ಓಡಿದ್ದರಂತೆ.

ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ತಾಂಡೂರಿನಿಂದ ಲಾರಿಯಲ್ಲಿ ತಂದು ಇಳಿಸಿದವ ನಾನು. ಹಾಗಾಗಿ ಕಡೇ ಕೋಣೆಯ ಮಾತೆಲ್ಲ ನನ್ನೆದುರೇ ಆದದ್ದು.

ಕಡೇ ಕೋಣೆಗೆ ತಗ್ಗು ಬಾಗಿಲು. "ತಲಿ ಬಗ್ಗಿಸಿ ಒಳಗ ಬಂದಾಂವ ತಾನೇ ಮಾತು ನಿಲ್ಲಸ್ತಾನ" ಅನ್ನುತ್ತಿದ್ದರು ಸ್ವಾತಿ ಮೇಡಂ. ಒಳಗೆ ಕತ್ತಲು. ನಡುವೆ ಕೆಂಡದ ಹಾಗೆ ಉರಿಯುವ ಒಂದು ಕೆಂಪು ದೀಪ. ಅದರ ಪಕ್ಕ ಮಡಿಚಿಟ್ಟ ಕಂಬಳಿ, ಒಂದು ಕೋಲು. ಅಷ್ಟೇ. ಕೂತವನಿಲ್ಲ.

"ಒಂದು ಗೊಂಬಿನಾರ ಕೂಡಸ್ರಿ ಮೇಡಂ" ಅಂದ ಅನಿಲ. "ಖಾಲಿ ಜಾಗಾ ನೋಡಾಕ ಯಾರು ಬರ್ತಾರ?"

"ಗೊಂಬಿ ಇಟ್ರ ಗೊಂಬಿನೇ ನೋಡಿ ಹೋಗ್ತಾರ. ಖಾಲಿ ಬಿಟ್ರ ನೋಡಾಂವ ತನ್ನ ಮನಸ್ಸಿನಿಂದ ಒಬ್ಬನ್ನ ತಂದು ಕೂಡಸ್ತಾನ."

"ಅಂದ್ರ ಬಸ್ಸಿನ್ಯಾಗ ಟವೆಲ್ ಒಗದು ಸೀಟ್ ಹಿಡದಂಗ ಆತು ಬಿಡ್ರಿ" ಅಂದ ಅನಿಲ. ನಾವೆಲ್ಲ ನಕ್ಕೆವು. ಮೇಡಮ್ಮೂ ನಕ್ಕರು.

ಬಾಗಿಲಲ್ಲಿ ನಿಂತಿದ್ದ ಬಂಡೆಪ್ಪ ಮಾತ್ರ ನಗಲಿಲ್ಲ. ಬಂಡೆಪ್ಪ ಸತ್ತ ಕಾಶಪ್ಪನ ತಮ್ಮ. ಈಗ ಹಿಂಡು ಕಾಯುವವ ಆತನೇ. ಕಂಬಳಿ, ಕೋಲು ಕಾಶಪ್ಪನವು. ಕಾಶಪ್ಪನ ಹೆಂಡತಿ ಸುಭದ್ರಮ್ಮ ತಾನಾಗಿ ತಂದು ಕೊಟ್ಟಿದ್ದಳು. ಅದಕ್ಕೆ ಬಂಡೆಪ್ಪನ ತಕರಾರು ಇರಲಿಲ್ಲ. ತಕರಾರು ಬಂದದ್ದು ಕೂಗಿಗೆ.

ಕಾಶಪ್ಪ ಕುರಿ ಕರೆಯುವ ಕೂಗು ಸುಭದ್ರಮ್ಮನ ಫೋನಿನಲ್ಲಿತ್ತು. ಯಾವಾಗಲೋ ಮಗಳು ತೆಗೆದ ವಿಡಿಯೋ. ಹುರ್‌ರ್‌ರ್... ಯೋ! ಹುರ್‌ರ್‌ರ್... ಯೋ! ಕೊನೆಗೆ ನಾಲಿಗೆಯಿಂದ ಒಂದು ಟೊಕ್. ಅದನ್ನು ಆ ಕೋಣೆಯಲ್ಲಿ ಹಾಕಬೇಕು ಅಂದರು ಮೇಡಂ. ನೋಡುವವರ ಬೆನ್ನ ಹಿಂದೆ, ಕಿವಿ ಮಟ್ಟಕ್ಕೆ ಸ್ಪೀಕರ್.

ಅವರ ಮನೆತನದಲ್ಲಿ ಒಂದು ರೂಢಿ ಉಂಟು. ಕುರಿಗಾರ ಸತ್ತರೆ ಅವನ ಕೂಗನ್ನು ಆಮೇಲೆ ಯಾರೂ ಕೂಗುವಂತಿಲ್ಲ. ಹಿಂಡು ಹಿಡಿದವ ಅವತ್ತೇ ಕುರಿಗಳಿಗೆ ತನ್ನ ಹೊಸ ಸೀಟಿ ಕಲಿಸಬೇಕು.

"ವೈನಿ, ಕಂಬಳಿ ಕೊಟ್ರಿ, ಆತು. ಕೂಗು ಕೊಡಬ್ಯಾಡ್ರಿ" ಅಂದ ಬಂಡೆಪ್ಪ. "ಮಂದಿಗಿ ಆದ್ರ ಸತ್ತಾಂವನ ದಿನ ಮಾಡಿ ಊಟಕ್ಕ ಹಾಕಿ ಹೇಳೀವಿ, ಹೋಗ್ಯಾನ ಅಂತ. ಕುರಿಗಿ ಯಾರು ಹೇಳ್ಯಾರ?"

ಸುಭದ್ರಮ್ಮ ಸೆರಗು ಎಳೆದುಕೊಂಡಳು. "ದಿನಾ ಫೋನಿನ್ಯಾಗ ಕೇಳ್ತೀನಿ. ಫೋನ್ ಹಾಳಾತಂದ್ರ ಆಂವೂ ಹೋದಂಗೇ. ಇಲ್ಲಿದ್ರ ಇರ್ತಾನ ಬಂಡೆಪ್ಪಾ. ನಾಕು ಮಂದಿ ಕೇಳ್ತಾರ."

"ಗೋಡಿ ದಪ್ಪದ ಅವ ಕಾಕಾ, ಹೊರಗ ಕೇಳಂಗಿಲ್ಲ" ಅಂದರು ಮೇಡಂ. ಆಮೇಲೆ ಸುಭದ್ರಮ್ಮನ ಕಡೆ ತಿರುಗಿ, "ಬ್ಯಾರೆ ಕೂಗು ಅದಾವೇನ್ರಿ ಅಮ್ಮಾ?" ಅಂದರು.

"ರಾತ್ರಿ ಮಲಗಸೂದು ಒಂದಿತ್ತು. ಮುಂದಿನ ಹಲ್ಲು ಬಿದ್ದಿತ್ತಲ್ಲ ಆತಂದು... ಆ ಸಂದ್ಯಾಗಿಂದ ಶ್ಯೋ ಅಂತಿದ್ದ. ಹಿಂಡಿಗಿ ಹಿಂಡೇ ಕುಂತುಬಿಡ್ತಿತ್ತು. ಅದು ಫೋನಿನ್ಯಾಗ ಇಲ್ಲವ್ವಾ. ಆತನ ಬಾಯಾಗೇ ಹೋತು."

"ನಾ ಭಾಳ ಮಾಡಿ ನೋಡೀನಿ" ಅಂದ ಬಂಡೆಪ್ಪ. "ನನ್ನ ಹಲ್ಲು ಎಲ್ಲಾ ಗಟ್ಟಿ ಅವ. ಬರಂಗಿಲ್ಲ."

ಮೇಡಂ ಇನ್ನೊಂದು ಕೆಲಸ ಮಾಡಿಸಿದ್ದರು. ಕುತ್ತಿಗೆಗೆ ಹಿಂದಿನಿಂದ ತಣ್ಣನೆ ಗಾಳಿ ತಾಗಿದರೆ ಮನುಷ್ಯ ಹಿಂದೆ ಯಾರೋ ಇದ್ದಾರೆ ಅಂದುಕೊಳ್ಳುತ್ತಾನಂತೆ. ಅದಕ್ಕೆ ಹಿಂದಿನ ಗೋಡೆಗೆ ಒಂದು ಕಿಂಡಿ ಕೊರೆಸಿದರು. ಕೊರೆದವ ಅನಿಲ. ತಣ್ಣನೆ ಗಾಳಿ ಬರುವುದು ಬಾವಿಯ ಕಡೆಯಿಂದ. ಕಿಂಡಿಯ ಬಾಯಿ ನೇರ ಬಾವಿಗೆ.

ಆ ಸಂಜೆ ಮೇಡಂ ಹೈದರಾಬಾದ್ ಬಸ್ಸು ಹತ್ತುವಾಗ, "ರಾತ್ರಿ ಎಲ್ಲಾ ಆ ಕೂಗು ಓಡಲಿ ಅನಿಲ, ಮಿಷನ್ ಬಿಸಿ ಆಗ್ತದೇನು ನೋಡಮು" ಅಂದಿದ್ದರು. ಈತ ದನಿ ಸಣ್ಣ ಮಾಡಿ, ಚಾಲೂ ಇಟ್ಟು, ಕೀಲಿ ಹಾಕಿ ಬಂದಿದ್ದ. ಬಂಡೆಪ್ಪನ ಹಿಂಡು ಅವತ್ತೇ ಗೊಬ್ಬರಕ್ಕೆಂದು ಮಿಲ್ಲಿನಾಚೆಯ ಹೊಲದಲ್ಲಿ ರಾತ್ರಿ ತಂಗಿತ್ತು, ಬುತ್ತಿ ತಂದ ಮನೆಯವರೂ ಅಲ್ಲೇ ಮಲಗಿದ್ದರು. ಅದು ಈತನಿಗೆ ಗೊತ್ತಿರಲಿಲ್ಲ.

ಈಗ ಬರ್ರಿ, ಆಲದ ಮರದ ಹತ್ತಿರ.

ಹುರ್‌ರ್‌ರ್... ಯೋ.

ಕಿಂಡಿಯಿಂದ ಬರುತ್ತಿತ್ತು. ಹಗಲು ಸಣ್ಣದು ಅನ್ನಿಸಿದ್ದ ದನಿ ರಾತ್ರಿಗೆ ಹೊಲ ತುಂಬಿತ್ತು. ಟೊಕ್. ಅದಕ್ಕೆ ಉತ್ತರವೆಂಬಂತೆ ಈ ಕಡೆಯಿಂದ ಕಾಲುಗಳು. ಟಪ ಟಪ ಟಪ. ಮುಂದಿನ ಕುರಿಯ ಕೊರಳಗಂಟೆ ಒಡಕು... ಟೊಂಯ್... ಟೊಂಯ್...

ಅನಿಲ ಫೋನಿನ ಬ್ಯಾಟರಿ ಬೆಳಕು ಹಾಕಿದ. ಹಸಿರು ಕಣ್ಣುಗಳು. ಬಾಯಿ ಮುಚ್ಚಿದ ಮುಖಗಳು. ಹಿಂಡಿನ ನಡುವೆ ಒಬ್ಬರು ಕಂಬಳಿ ಹೊದ್ದು ಕುರಿಯ ಸರಿಸಮ ನಡೆದು ಬರುತ್ತಿದ್ದರು.

ಕಾಶಪ್ಪ... ಅಂತ ಅಂದುಕೊಂಡ. ಅಷ್ಟರಲ್ಲಿ ಬಳೆ ಸದ್ದಾಯಿತು.

ಸುಭದ್ರಮ್ಮ.

"ಅತ್ತೀ..." ಪಿಸುಗುಟ್ಟಿದ.

"ಶ್..."

"ಅತ್ತೀ, ನಿಲ್ರಿ. ಮುಂದ ಬಾವಿ ಅದ."

"ಕರಿಲತ್ತಾನ ಅಲ್ಲೋ."

"ಅದು ಮಿಷನ್ ಅತ್ತಿ. ನಾನೇ ಹಾಕೀನಿ."

"ನೀ ಹಾಕಿದ್ದಿ" ಅಂದಳು. "ಕರಿಲತ್ತಾಂವ ಆಂವ."

ಕೈ ಹಿಡಿದ. ಕೈ ತಣ್ಣಗಿತ್ತು. ಹಿಡಿತ ನಿಲ್ಲಲಿಲ್ಲ, ಯಾಕಂದ್ರೆ ನಡುವೆ ಕುರಿಗಳು ನುಗ್ಗಿದವು. ಮೊಣಕಾಲಿಗೆ ಒತ್ತಿಕೊಂಡು, ಉಣ್ಣೆ ಒರೆಸಿಕೊಂಡು, ಒಂದರ ಹಿಂದೆ ಒಂದು. ಆಕೆಯನ್ನು ನಡುವೆ ಇಟ್ಟುಕೊಂಡೇ ಮುಂದಕ್ಕೆ ತಳ್ಳಿಕೊಂಡು ಹೋದವು. ಬಾವಿಗೆ ಇನ್ನೆಷ್ಟು ದೂರ... ಒಂದು ಎತ್ತಿನ ಬಂಡಿ ನಿಲ್ಲುವಷ್ಟು ಜಾಗ.

ಅನಿಲ ಓಡಿದ. ಕೂಗು ನಿಂತರೆ ಹಿಂಡು ನಿಂತೀತು, ಅಷ್ಟೇ ತಲೆಯಲ್ಲಿ. ಗೋಡೆ ಸುತ್ತಿ ಬಾಗಿಲಿಗೆ ಬಂದ. ಕೀಲಿಕೈ ನೆಲಕ್ಕೆ ಬಿತ್ತು. ಹುಡುಕಿದ. ದೂರದಿಂದ ಬಂಡೆಪ್ಪನ ಸೀಟಿ ಕೇಳಿಸಿತು. ಫ್ವೀ... ಫ್ವೀ... ಎದ್ದು ಓಡಿ ಬರುತ್ತಿದ್ದ ಪಾಪ, ಉಸಿರು ಸೀಟಿಯಲ್ಲೇ ಒಡೆಯುತ್ತಿತ್ತು. ಒಂದು ಕುರಿಯೂ ತಿರುಗಲಿಲ್ಲ.

ಕೀಲಿ ತೆಗೆದ. ತಗ್ಗು ಬಾಗಿಲು ನೆನಪಾಗಲಿಲ್ಲ, ಹಣೆ ಠಣ್ ಅಂತ ಬಡಿಯಿತು. ತಡಕಾಡಿ ಬಟನ್ ಒತ್ತಿದ.

ಕೂಗು ನಿಂತಿತು. ಕೆಂಪು ದೀಪವೂ ಹೋಯಿತು.

ಕತ್ತಲು.

ಕಿಂಡಿಯಾಚೆ ಕಾಲುಗಳು ನಿಂತಿರಲಿಲ್ಲ. ಹಿಂದಿನವು ಮುಂದಿನವನ್ನು ಒತ್ತುತ್ತಿದ್ದವು. ಟೊಂಯ್... ಗಂಟೆ ಬಾವಿಯಂಚಿಗೆ ಬಂದಿತ್ತು. ಒಂದು ಮಣ್ಣಿನ ಹೆಂಟೆ ಕಿತ್ತು ಒಳಗೆ ಬಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ, ಗುಳುಂ.

ಅನಿಲ ಅತ್ತೀ ಅಂತ ಕೂಗಲು ಬಾಯಿ ತೆಗೆದ.

ಆಗ ಅವನ ಮುಂದೆ...

ಶ್ಯೋ...

"ಸ್ಪೀಕರ್ ನನ್ನ ಬೆನ್ನ ಹಿಂದಿತ್ತು, ಕಿವಿ ಮಟ್ಟಕ್ಕ. ಮೊಳಿ ಹೊಡದಾಂವ ನಾನೇ" ಅಂತ ಅನಿಲ ಇವತ್ತಿಗೂ ಹೇಳುತ್ತಾನೆ. "ಇದು ಮುಂದಿಂದ ಬಂತು. ಕೆಳಗಿಂದ. ಕುಂತ ಮನುಷ್ಯಾನ ಬಾಯಿ ಎಲ್ಲಿರತದ, ಅಲ್ಲಿಂದ."

ಶ್ಯೋ... ಶ್ಯೋ... ಅವಸರ ಇಲ್ಲದ ದನಿ. ಹಲ್ಲಿನ ಸಂದಿಯಲ್ಲಿ ಗಾಳಿ ಸೀಳಿಕೊಂಡು ಬರುವ ಸದ್ದು.

ಹೊರಗೆ... ಧಪ್. ಧಪ್ ಧಪ್. ಧಪ್.

ಹಿಂಡು ಕೂತುಕೊಳ್ಳುತ್ತಿತ್ತು.

ಅನಿಲ ಹೇಗೆ ಹೊರಗೆ ಬಂದ ಅವನಿಗೆ ನೆನಪಿಲ್ಲ. ಅಂಬೆಗಾಲಿಟ್ಟು ಬಂದಿರಬೇಕು, ಅಂಗೈ ತರಚಿತ್ತು. ಬಂಡೆಪ್ಪ ಬ್ಯಾಟರಿ ಹಿಡಿದು ಮರದ ಕೆಳಗೆ ನಿಂತಿದ್ದ. ಕುರಿಗಳೆಲ್ಲ ಮಲಗಿ ಮೆಲುಕು ಹಾಕುತ್ತಿದ್ದವು. ಮುಂದಿನ ಕುರಿ ಬಾವಿಯಂಚಿನಲ್ಲೇ ಮೊಣಕಾಲು ಮಡಿಚಿತ್ತು, ಗೊರಸು ಅಂಚಿನಾಚೆ. ಅದರ ಪಕ್ಕ ಸುಭದ್ರಮ್ಮ. ಆಕೆಯೂ ಕೂತುಬಿಟ್ಟಿದ್ದಳು. ಒಂದು ಕೈ ಕುರಿಯ ಬೆನ್ನ ಮೇಲೆ. ಕಾಲು ಎರಡೂ ಬಾವಿಯೊಳಗೆ ಇಳಿಬಿಟ್ಟಿದ್ದವು.

"ವೈನಿ..." ಬಂಡೆಪ್ಪ ನೆಲಕ್ಕೆ ಕೂತು ಕೈ ಚಾಚಿದ. "ಏಳಬ್ಯಾಡ್ರಿ. ಕುಂತಲ್ಲಿಂದಲೇ ಕೈ ಕೊಡ್ರಿ."

ಕೊಟ್ಟಳು. ಎಳೆದುಕೊಂಡರು. ಮೂವರೂ ಬೇರಿನ ಮೇಲೆ ಕೂತರು.

"ಮಿಷನ್ ಬಂದ್ ಮಾಡಿದ್ದೆ ಕಾಕಾ" ಅಂದ ಅನಿಲ. "ಖರೇ ಹೇಳ್ತೀನಿ, ಬಂದ್ ಮಾಡಿದ್ದೆ."

"ಗೊತ್ತದ" ಅಂದ ಬಂಡೆಪ್ಪ. "ಕರಿಯೂದು ನಿಂತ ಮ್ಯಾಲೇ ಮಲಗಿದ್ವು."

ಸುಭದ್ರಮ್ಮ ಫೋನು ತೆಗೆದು ಬಂಡೆಪ್ಪನ ಕೈಗೆ ಕೊಟ್ಟಳು.

ಮರುದಿನ ಸ್ವಾತಿ ಮೇಡಂ ಬಂದು ಎಲ್ಲ ಕೇಳಿದರು. "ಹೆದರಿಕ್ಯಾಗ ಕಿವಿ ತನಗ ಬೇಕಾದ್ದು ಕೇಳಸ್ಕೋತದ ಕಾಕಾ. ಸುಳ್ಳು ಹೇಳ್ಲತ್ತೀರಿ ಅಂತಿಲ್ಲ."

"ನಮ್ಮ ಕಿವಿ ಬಿಡ್ರಿ ಮೇಡಮ್ಮರ" ಅಂದ ಬಂಡೆಪ್ಪ. "ಕುರಿ ಕಿವಿಗಿ ಏನಾಗಿತ್ತು?"

ಮೇಡಂ ಅವತ್ತೇ ಸ್ಪೀಕರ್ ತೆಗೆಸಿದರು, ಕಿಂಡಿ ಮುಚ್ಚಿಸಿದರು, ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿದರು. ಕೋಣೆಯಲ್ಲಿ ಉಳಿದದ್ದು ಕೆಂಪು ದೀಪ, ಕಂಬಳಿ, ಕೋಲು. ಮತ್ತೆ ಆ ಖಾಲಿ ಜಾಗ.

ಮ್ಯೂಸಿಯಂ ಬಾಗಿಲು ತೆಗೆದ ದಿನ ನಾನು ಅಲ್ಲೇ ಇದ್ದೆ. ಕಡೇ ಕೋಣೆಯಿಂದ ಹೊರಹೋಗುವ ದಾರಿಯ ಬೆಳಕನ್ನು ಮೇಡಂ ಕೆಂಪು ದೀಪದ ನೇರಕ್ಕೇ ಇಡಿಸಿದ್ದರು. ಬೆಳಕು ಕಂಡ ಕಡೆ ಮಂದಿ ನೆಟ್ಟಗೆ ನಡೆಯುತ್ತಾರೆ, ಕಂಬಳಿಯ ಮುಂದಿನಿಂದಲೇ ಹಾಯ್ದು ಹೋಗುತ್ತಾರೆ ಅನ್ನೋದು ಅವರ ಲೆಕ್ಕ. ಒಬ್ಬರೂ ಹಾಗೆ ಹೋಗಲಿಲ್ಲ. ಅಲ್ಲಿಗೆ ಬಂದವರೆಲ್ಲ ಸುತ್ತು ಹಾಕಿ ಹೋದರು. ಯಾರೋ ಕಾಲು ಚಾಚಿ ಕೂತಿದ್ದರೆ ನಾವು ಸುತ್ತು ಹಾಕ್ತೀವಲ್ಲ, ಹಾಗೆ. ಮೇಡಂ ಮೂಲೆಯಲ್ಲಿ ನಿಂತು ನೋಡಿದರು. ಬೆಳಕನ್ನು ಇನ್ನೊಂದು ಕಡೆ ಸರಿಸಿದರು. ಮತ್ತೂ ಹಾಗೇ.

"ಸುದ್ದಿ ಊರೆಲ್ಲಾ ಹಬ್ಬ್ಯಾದ" ಅಂದರು ನನಗೆ, ಮೆಲ್ಲಗೆ. "ಮೊದಲೇ ಹೆದರಿ ಬರ್ಲತ್ತಾರ. ಅಷ್ಟೇ."

ಇರಬಹುದು. ದೊಡ್ಡವರ ಮಾತು ಬಿಡಿ.

ಅನಿಲನ ಮಗಳು ಮನಿಷಾ ಇನ್ನೂ ಅಂಗನವಾಡಿಗೆ ಹೋಗುವ ಕೂಸು. ಅದರ ಕಿವಿಗೆ ಈ ಸುದ್ದಿ ಬೀಳಬಾರದು ಅಂತ ಅವರವ್ವ ಮನೆಯಲ್ಲಿ ಎಲ್ಲರ ಬಾಯಿ ಕಟ್ಟಿದ್ದಳು. ಆ ಕೂಸು ತಗ್ಗು ಬಾಗಿಲಿಂದ ಬಂತು. ಬಗ್ಗುವುದೇನೂ ಬೇಕಾಗಲಿಲ್ಲ ಅದಕ್ಕೆ. ಆಚೆಯ ಬೆಳಕು ಕಂಡಿತು. ನೇರ ಓಡಿತು. ದೀಪದ ಹತ್ತಿರ ಕಾಲು ತೊಡರಿ ಮುಗ್ಗರಿಸಿತು.

ಆ ಕಲ್ಲು ನಾನೇ ಇಳಿಸಿದ್ದು. ಅಂಗೈ ಆಡಿಸಿ ನೋಡೀನಿ, ಕನ್ನಡಿ ಹಾಗೆ ನುಣ್ಣಗದೆ. ಎಡವಲು ಅಲ್ಲೇನೂ ಇಲ್ಲ.

ಕೂಸು ನಿಂತಿತು. ತಿರುಗಿತು. ಹಿರಿಯರಿಗೆ ಕಾಲು ತಾಗಿದರೆ ನಾವು ಮಾಡ್ತೀವಲ್ಲ, ಹಾಗೆ ಬಗ್ಗಿ, ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡಿತು. ಆಮೇಲೆ ಬೆಳಕಿಗೆ ಓಡಿಹೋಯಿತು.

ನಾನು ಕಂಡೀನಿ. ಸ್ವಾತಿ ಮೇಡಮ್ಮೂ ಕಂಡಾರೆ, ಬೇಕಾದರೆ ತಾಂಡೂರಿಗೆ ಹೋಗಿ ಕೇಳ್ರಿ. ಕೂಸಿನ ಕೈ ಕಲ್ಲು ಮುಟ್ಟಲಿಲ್ಲ. ನೆಲದಿಂದ ಒಂದು ಗೇಣು ಮೇಲೆಯೇ ನಿಂತಿತು.