ಬ್ರೇಕ್ ಸಿಗದ ತಿರುವು

ಅಂದು ಬೆಳಿಗ್ಗೆ ಘಾಟಿ ದೇವಸ್ಥಾನದಲ್ಲಿ ದಟ್ಟ ಮಂಜು. ದರ್ಶನದ ಸಾಲಿನಲ್ಲಿ ನನ್ನ ಮುಂದೆ ಗಂಡ, ಹೆಂಡತಿ. ಆಕೆಯ ಹೆಗಲ ಮೇಲೆ ನಿದ್ದೆಹೋದ ಮಗು.

"ನಿನ್ನೆ ತೂಬಗೆರೆ ತಿರುವಲ್ಲಿ ಲಾರಿ ಎದುರಿಗೆ ಬಂದ್ರೂ ಯಾಕ್ರೀ ಬ್ರೇಕ್ ಹಾಕ್ಲಿಲ್ಲ?"

"ಹಾಕ್ದೆ ವಾಣಿ. ಈ ಹೊಸ ಬೈಕಲ್ಲಿ ಬ್ರೇಕ್ ಮುಂದಿದೆ, ಕಾಲು ಚಾಚಿ ತುಳೀಬೇಕು. ನಾನು ಹಳೇ ಗಾಡಿ ಜಾಗದಲ್ಲಿ ತುಳಿದೆ. ಕಾಲಡಿ ಏನೂ ಸಿಗ್ಲಿಲ್ಲ."

"ಲಾರಿ ಪಕ್ಕದಲ್ಲೇ ಸವರಿಕೊಂಡು ಹೋದ್ಮೇಲೆ ನಕ್ರಲ್ಲಾ!"

"ಮಗು ಮುಂದೆ ಕೂತಿತ್ತಲ್ಲೇ, ಅಳೋಕಾಗ್ತಿತ್ತಾ?"

"ಮಗೂನ ಉಳಿಸಪ್ಪಾ, ಬೆಳ್ಳಿ ನಾಗಪ್ಪನ್ನ ಒಪ್ಪಿಸ್ತೀನಿ ಅಂತ ನಾನಾಗ್ಲೇ ಹರಕೆ ಹೊತ್ತೆ. ವಾಪಸ್ ನಾನೂ ಮಗೂನೂ ಬಸ್ಸಲ್ಲೇ ಹೋಗ್ತೀವಿ."

"ನಾನೂ ಬಸ್ಸಲ್ಲೇ ಬಂದ್ಬಿಡ್ಲಾ?"

"ಹೊಸ ಗಾಡಿ ಬಿಟ್ಟಾ?"

ಗಂಡ ಮಗುವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಸಾಲು ಮುಂದೆ ಸರಿಯಿತು. ಆಕೆ ಸೆರಗಿನ ಗಂಟು ಬಿಚ್ಚಿ, ಪುಟ್ಟ ಬೆಳ್ಳಿ ನಾಗರವನ್ನು ಸದ್ದಾಗದಂತೆ ಹುಂಡಿಗೆ ಇಳಿಸಿದರು.