ಬೈಟು ಕಾಫಿಯ ಇನ್ನೊಂದರ್ಧ

ಹಲೋ... ಯಾರು ಮಾತಾಡ್ತಿರೋದು? ಜಯದೇವೀನಾ?

...

ಹಾಂ? ಕೆಲಸದ ಮರಿಯಮ್ಮನಾ? ಜಯದೇವಿ ಮೊಬೈಲು ನಿನ್ನ ಕೈಲಿ ಯಾಕಮ್ಮ?

...

ಓ, ಮೇಡಂ ಸ್ನಾನಕ್ಕೆ ಹೋಗಿದಾರಾ. ನಿನ್ನೆ ಫೋನ್ ಮಾಡಿದಾಗ್ಲೂ ಸ್ನಾನ, ಮೊನ್ನೇನೂ ಸ್ನಾನ. ಇರ್ಲಿ. ನಿನ್ನ ಗಂಟಲು ಯಾಕೆ ಹಂಗಾಗಿದೆ?

...

ಶೀತಾನಾ. ಸರಿ. ನಾನು ಸರ್ವಮಂಗಳಾ, ಸಾರಕ್ಕಿ ಕೆರೆ ವಾಕಿಂಗ್ ಫ್ರೆಂಡು. ಗೇಟ್ ಎದುರಿನ ದರ್ಶಿನೀಲಿ ನಿಂತಿದೀನಿ. ನಿಮ್ ಮೇಡಂಗೆ ಒಂದು ಮಾತು ಹೇಳ್ಬೇಕು. ಹೇಳ್ದಂಗೇ ಹೇಳ್ತೀಯಲ್ವಾ?

...

ಹೊಸ ವರ್ಷದ ದಿನ ನಮ್ ವಾಕಿಂಗ್ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ಲು ನೋಡು, ಇನ್ಮೇಲೆ ಸಕ್ಕರೆ ಬಂದ್, ಕಾಫಿ ಬಂದ್, ಕೆರೆಗೆ ದಿನಾ ಐದು ಸುತ್ತು ಅಂತ. ಮೂರನೇ ದಿನ ಇದೇ ದರ್ಶಿನೀಲಿ ಕಂಬದ ಹಿಂದೆ ನಿಂತು ಒಂದು ಪ್ಲೇಟ್ ಕೇಸರಿಬಾತ್ ತಿಂತಿದ್ಲು. ನನ್ ಕಣ್ಣಿಗೆ ಬಿದ್ಲು. ಅವತ್ತಿಂದ ನಾಪತ್ತೆ.

...

ಎರಡು ಪ್ಲೇಟಾ? ನಾನು ನೋಡಿದ್ದು ಒಂದೇ. ನಿಂಗೆ ಹೆಂಗೆ ಗೊತ್ತು?

...

ಹಾಂ, ಮೇಡಂ ಹೇಳಿದ್ರಾ. ನಾನೊಬ್ಳು ದಂಡ ಅಂತ ಬೈಕೊಂಡ್ರಾ? ಪಾಪ. ತಿಂದ್ರೆ ತಿಂದ್ಲು ಬಿಡು, ಕೊಲೆ ಮಾಡಿಲ್ವಲ್ಲ. ಅದಕ್ಕೆ ತನ್ನನ್ನ ತಾನು ಇಷ್ಟು ಬೈಕೊಳ್ಳೋದಾ? ಬೇರೆ ಯಾರಾದ್ರೂ ಅವಳನ್ನ ಹಂಗೆ ಬೈದಿದ್ರೆ ನಾನು ಸುಮ್ನಿರ್ತಿದ್ನಾ? ಎಲ್ಲಾ ಒಂದೇ ಸಲ ಬಿಡು ಅಂದೋರ್ಯಾರು? ಇವತ್ತು ಅರ್ಧ ಸುತ್ತು ಸಾಕು. ಮಧ್ಯದಲ್ಲಿ ನಮ್ ಕಲ್ಲುಬೆಂಚಿದೆ, ಕೂತ್ಕೊಳ್ಳೋಣ.

...

ನಂದಾ? ನಂದು ಸಣ್ಣ ಸಂಕಲ್ಪ ಕಣಮ್ಮ, ಫುಲ್ ಕಾಫಿ ಬಿಟ್ಟು ಬೈಟು. ಒಂದು ಕಾಫೀನ ಎರಡು ಲೋಟಕ್ಕೆ ಹಾಕಿ ಕೊಡ್ತಾರೆ, ಇನ್ನೊಂದು ಲೋಟ ಕುಡಿಯೋಕೆ ಇವಳಿಲ್ಲ. ಚೆಲ್ಲೋಕೆ ಮನಸ್ಸು ಬರಲ್ಲ. ಎರಡೂ ನಾನೇ ಕುಡೀತೀನಿ.

...

ನಗ್ತಿದೀಯಾ? ನಗು. ಕಾಫಿ ನೆಪ ಅಷ್ಟೆ. ಅವಳಿಲ್ದೆ ಕೆರೆ ಸುತ್ತೋಕೆ ನಂಗೆ ಆಗ್ತಿಲ್ಲ. ತುಂಬಾ ನೆನಪಾಗ್ತಾಳೆ.

...

ಅಯ್ಯೋ, ಅಳ್ಬೇಡ ಮರಿಯಮ್ಮ. ಶೀತ ಜಾಸ್ತಿಯಾಗುತ್ತೆ.

...

ನಾಳೆ ಕಳಿಸ್ತೀಯಾ? ನಾಳೆ ಯಾಕೆ? ಇವತ್ತಿನ ಬೈಟು ಆಗ್ಲೇ ಬಂದಿದೆ. ಅವಳ ಅರ್ಧ ಬೇರೆಯವರು ಕುಡೀತಿದಾರೆ.

...

ಯಾರಾ? ನಿಮ್ಮನೆ ಮರಿಯಮ್ಮ ಕಣೇ ಜಯದೇವಿ. ಕೆಲಸಕ್ಕೆ ಬರೋ ದಾರೀಲಿ ಸಿಕ್ಕಿದ್ಲು. ಆಗಿಂದ ನನ್ ಪಕ್ಕದಲ್ಲೇ ನಗು ತಡ್ಕೊಳ್ಳೋಕೆ ಸೆರಗು ಬಾಯಿಗಿಟ್ಕೊಂಡು ನಿಂತಿದಾಳೆ. ಶೀತ ಗೀತ ಏನೂ ಇಲ್ಲ ಅವಳಿಗೆ.

...

ಹಲೋ? ಜಯೂ? ಸ್ನಾನ ಮುಗೀತಾ?

...

ಅದೇನು ಸದ್ದು? ಶೂ ಹಾಕ್ತಿದೀಯಾ? ಓಡ್ಬೇಡ ಕಣೇ, ನಿಧಾನಕ್ಕೆ ಬಾ. ನಿಂಗೆ ಇನ್ನೊಂದು ಬೈಟು ಹೇಳ್ತೀನಿ.

...

ಹಾಂ? ಈಗ ಕುಡಿದಿದ್ದೊಂದು, ನಿನ್ ಜೊತೆ ಇನ್ನೊಂದು, ನನ್ ಪಾಲಿಗೆ ಮತ್ತೆ ಎರಡು ಅರ್ಧ ಆಯ್ತು ಅಂತೀಯಾ? ಆಗ್ಲಿ ಬಿಡೇ, ನಾನೂ ಸ್ವಲ್ಪ ಸ್ವಲ್ಪಾನೇ ಬಿಡ್ತೀನಿ... ಹಲೋ? ಹಲೋ?